ನೆಟ್ ಸ್ಲೋ ಅಂತ ಪ್ಲಾನ್ ಬದಲಿಸುವ ಮುಂಚೆ: ಆಫೀಸ್ ನೆಟ್‌ವರ್ಕಿನ ಟ್ರಾಫಿಕ್ ನೋಡಿ, ನಿಭಾಯಿಸುವ ಬಗೆ

ಆಫೀಸಿನಲ್ಲಿ ನೆಟ್ ನಿಧಾನವಾದ ಕೂಡಲೇ ಎಲ್ಲರ ಬಾಯಲ್ಲೂ ಬರುವ ಮಾತು ಒಂದೇ: "ಪ್ಲಾನ್ ಜಾಸ್ತಿ ಮಾಡಿಸಿ ಸಾರ್." 100 ಎಂಬಿಪಿಎಸ್ ಇದ್ದದ್ದು 200 ಆಗುತ್ತದೆ. ಬಿಲ್ಲೂ ಏರುತ್ತದೆ. ಕೆಲವು ವಾರ ಎಲ್ಲ ಸರಾಗ. ಆಮೇಲೆ ಮತ್ತೆ ಅದೇ ಕಥೆ. ವಿಡಿಯೋ ಕಾಲ್‌ನಲ್ಲಿ ಮಾತು ತುಂಡುತುಂಡು, ಜಿಎಸ್‌ಟಿ ಪೋರ್ಟಲ್ ಸುತ್ತುತ್ತಲೇ ಇರುತ್ತದೆ. ಇರುವ 100 ಎಂಬಿಪಿಎಸ್ ಎಲ್ಲಿ ಹೋಗುತ್ತಿದೆ ಅಂತ ಯಾರೂ ನೋಡಿರುವುದಿಲ್ಲ. ಹಾಗಾಗಿ 200 ಕೂಡ ಅದೇ ದಾರಿ ಹಿಡಿಯುತ್ತದೆ.

ಈ ಬರಹ ಹತ್ತರಿಂದ ನಲವತ್ತು ಕಂಪ್ಯೂಟರ್ ಇರುವ ಜಾಗಗಳಿಗೆ. ಆಡಿಟರ್ ಆಫೀಸು, ಡಿಗ್ರಿ ಕಾಲೇಜಿನ ಲ್ಯಾಬು, ಸಣ್ಣ ನರ್ಸಿಂಗ್ ಹೋಮ್, ಡಿಟಿಪಿ ಸೆಂಟರ್. ಇಂಥ ಕಡೆ ನೆಟ್‌ವರ್ಕ್ ನೋಡಿಕೊಳ್ಳಲು ಬೇರೆ ಆಳು ಇರುವುದಿಲ್ಲ. ಸ್ವಲ್ಪ ತಿಳಿದವರು ಯಾರೋ ಒಬ್ಬರ ತಲೆಗೆ ಅದು ಬಂದಿರುತ್ತದೆ. ಆ ಒಬ್ಬರು ನೀವಾಗಿದ್ದರೆ ಇದು ನಿಮಗೇ ಬರೆದದ್ದು. ದುಬಾರಿ ಉಪಕರಣ ಬೇಡ. ಒಂದು ಒಳ್ಳೆಯ ರೂಟರ್, ಮೂಲೆಯಲ್ಲಿ ಬಿದ್ದಿರುವ ಒಂದು ಹಳೇ ಕಂಪ್ಯೂಟರ್, ಒಂದೆರಡು ವಾರ ತಾಳ್ಮೆ, ಇಷ್ಟು ಸಾಕು. ಅಳೆಯುವುದು ಮೊದಲು, ಬದಲಿಸುವುದು ಆಮೇಲೆ, ಬದಲಿಸಿದ ಮೇಲೆ ಮತ್ತೆ ಅಳೆಯುವುದು. ಈ ಕ್ರಮ ತಪ್ಪಿಸಬೇಡಿ.

ಶುರು ಮಾಡುವ ಮುಂಚೆ: ಒಪ್ಪಿಗೆ

ನೆಟ್‌ವರ್ಕ್ ನಿಮ್ಮದಲ್ಲದಿದ್ದರೆ ಮಾಲೀಕರ ಅಥವಾ ಪ್ರಿನ್ಸಿಪಾಲರ ಒಪ್ಪಿಗೆಯನ್ನು ಬರವಣಿಗೆಯಲ್ಲೇ ತೆಗೆದುಕೊಳ್ಳಿ. ಅನುಮತಿ ಇಲ್ಲದೆ ಇನ್ನೊಬ್ಬರ ನೆಟ್‌ವರ್ಕಿಗೆ ಕೈ ಹಾಕುವುದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಅಡಿಯಲ್ಲಿ ತಪ್ಪು. ಜನರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರ ಕಾಯ್ದೆ ಬೇರೆ ಇದೆ.

ಕಾನೂನು ಒಂದು ಕಡೆ ಇರಲಿ, ಜೊತೆಗೆ ಕೆಲಸ ಮಾಡುವವರಿಗೂ ಮೊದಲೇ ಹೇಳಿಬಿಡಿ. "ಯಾವ ಕಂಪ್ಯೂಟರ್ ಎಷ್ಟು ಡೇಟಾ ಎಳೆಯುತ್ತಿದೆ ಅಂತ ನೋಡುತ್ತೇನೆ, ನೀವು ಏನು ಓದುತ್ತಿದ್ದೀರಿ ಅಂತ ಅಲ್ಲ" ಎಂದು ಸ್ಪಷ್ಟವಾಗಿ ಹೇಳಿ, ಹಾಗೇ ನಡೆದುಕೊಳ್ಳಿ. ಈಗ ಹೆಚ್ಚುಕಡಿಮೆ ಎಲ್ಲ ಸೈಟುಗಳೂ ಎನ್‌ಕ್ರಿಪ್ಟ್ ಆಗಿರುವುದರಿಂದ ಒಳಗಿನ ವಿಷಯ ನಿಮಗೆ ಕಾಣುವುದೂ ಇಲ್ಲ. ಕಾಣಬೇಕಾಗಿಯೂ ಇಲ್ಲ. ನಮ್ಮ ಕೆಲಸಕ್ಕೆ ಬೇಕಾದದ್ದು ಮೂರೇ ಮೂರು: ಯಾವ ಯಂತ್ರ, ಎಷ್ಟು, ಯಾವಾಗ.

ಹೆಜ್ಜೆ 1: ಒಂದು ನಕ್ಷೆ ಬರೆಯಿರಿ

ಒಂದು ದೊಡ್ಡ ಹಾಳೆ ತೆಗೆದುಕೊಳ್ಳಿ. ಹೊರಗಿಂದ ಫೈಬರ್ ಬಂದು ಸೇರುವ ಡಬ್ಬಿಯಿಂದ ಶುರು ಮಾಡಿ. ಅಲ್ಲಿಂದ ರೂಟರ್, ರೂಟರಿನಿಂದ ಸ್ವಿಚ್ (ಒಂದು ಕೇಬಲ್ಲಿನ ನೆಟ್ಟನ್ನು ಹಲವು ಕಂಪ್ಯೂಟರಿಗೆ ಹಂಚುವ ಡಬ್ಬಿ), ಸ್ವಿಚ್ಚಿನಿಂದ ಒಂದೊಂದು ಕೇಬಲ್ ಎಲ್ಲಿಗೆ ಹೋಗಿದೆ ಅಂತ ಹಿಡಿದುಕೊಂಡು ಹೋಗಿ. ಪ್ರಿಂಟರ್, ಬಯೋಮೆಟ್ರಿಕ್ ಹಾಜರಿ ಯಂತ್ರ, ಸಿಸಿಟಿವಿಯ ಡಿವಿಆರ್, ರಿಸೆಪ್ಷನ್ನಿನ ಟಿವಿ, ಯಾವುದನ್ನೂ ಬಿಡಬೇಡಿ. ಕೇಬಲ್ಲಿನ ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ.

ಬೇಜಾರಿನ ಕೆಲಸ, ನಿಜ. ಆದರೆ ಎಷ್ಟೋ ಸಲ ರೋಗ ಇಲ್ಲೇ ಸಿಕ್ಕಿಬಿಡುತ್ತದೆ. ಗೋಡೆ ಪಕ್ಕದಲ್ಲಿ ಯಾರೋ ಯಾವಾಗಲೋ ಇಟ್ಟ ಐದು ಪೋರ್ಟಿನ ಹಳೇ ಸ್ವಿಚ್ ಇರುತ್ತದೆ. ಅದರ ವೇಗವೇ 100 ಎಂಬಿಪಿಎಸ್, ಅದರ ಹಿಂದೆ ನಾಲ್ಕು ಕಂಪ್ಯೂಟರ್. ಇಲ್ಲವೇ ಸಿಗ್ನಲ್ ಸಾಲದು ಅಂತ ಯಾರೋ ಮನೆಯಿಂದ ತಂದು ಚುಚ್ಚಿದ ವೈಫೈ ರೂಟರ್ ಇರುತ್ತದೆ.

ಕೇಬಲ್ಲುಗಳ ಬಗ್ಗೆ ಒಂದು ಮಾತು. ಗಿಗಾಬಿಟ್ ವೇಗಕ್ಕೆ ಕೇಬಲ್ ಒಳಗಿನ ನಾಲ್ಕೂ ಜೋಡಿ ತಂತಿ ಸರಿ ಇರಬೇಕು. 100 ಎಂಬಿಪಿಎಸ್‌ಗೆ ಎರಡು ಜೋಡಿ ಸಾಕು. ಇಲಿ ಕಡಿದೋ, ಕುರ್ಚಿಯ ಕಾಲಿಗೆ ಸಿಕ್ಕಿಯೋ ಒಂದು ಜೋಡಿ ಹೋದರೆ ಬಹಳ ಸಲ ಸಂಪರ್ಕ ಕಡಿಯುವುದಿಲ್ಲ, ಸದ್ದಿಲ್ಲದೆ 100ಕ್ಕೆ ಇಳಿಯುತ್ತದೆ. ಹಾಗಾಗಿ ಪ್ರತಿ ಕಂಪ್ಯೂಟರಿನಲ್ಲೂ ಲಿಂಕ್ ಸ್ಪೀಡ್ ಎಷ್ಟು ತೋರಿಸುತ್ತಿದೆ ಅಂತ ಒಮ್ಮೆ ನೋಡಿ, ನಕ್ಷೆಯಲ್ಲಿ ಬರೆದುಕೊಳ್ಳಿ.

ಆಮೇಲೆ ರೂಟರಿನ ಪುಟಕ್ಕೆ ಹೋಗಿ ಪ್ರತಿ ಯಂತ್ರಕ್ಕೂ ಒಂದು ಖಾಯಂ ಐಪಿ ವಿಳಾಸ ಮತ್ತು ಹೆಸರು ಕೊಡಿ. ಇದಕ್ಕೆ ಡಿಎಚ್‌ಸಿಪಿ ರಿಸರ್ವೇಷನ್ ಎನ್ನುತ್ತಾರೆ. ಮುಂದೆ ಪಟ್ಟಿಯಲ್ಲಿ 192.168.1.37 ಅಂತ ಬಂದಾಗ "ಯಾರಪ್ಪಾ ಇದು" ಎಂದು ಹುಡುಕುತ್ತಾ ಕೂರಬೇಕಾಗಿಲ್ಲ. ಫೋನುಗಳಿಗೆ ಈ ಉಪಾಯ ಅಷ್ಟು ನಡೆಯುವುದಿಲ್ಲ. ಆಂಡ್ರಾಯ್ಡ್ 10 ಮತ್ತು ಐಓಎಸ್ 14ರಿಂದ ಈಚೆಗೆ ಫೋನುಗಳು ತಮ್ಮ ನಿಜವಾದ ಮ್ಯಾಕ್ ವಿಳಾಸ (ರೂಟರ್ ಯಂತ್ರವನ್ನು ಗುರುತಿಸುವ ಸಂಖ್ಯೆ) ಮುಚ್ಚಿಟ್ಟು ಬೇರೆಯದನ್ನು ತೋರಿಸುತ್ತವೆ. ಅವುಗಳನ್ನು ಪ್ರತ್ಯೇಕ ಗೆಸ್ಟ್ ವೈಫೈಗೆ ಹಾಕುವುದೇ ಸುಲಭ.

ಹೆಜ್ಜೆ 2: ಎರಡು ಪಿಂಗ್ ಕಿಟಕಿ

ಇದು ಈ ಬರಹದಲ್ಲೇ ಮುಖ್ಯವಾದ ಪರೀಕ್ಷೆ. ಪಿಂಗ್ ಅಂದರೆ ಒಂದು ವಿಳಾಸಕ್ಕೆ ಸಣ್ಣ ಸಂದೇಶ ಕಳಿಸಿ, ಉತ್ತರ ಬರಲು ಎಷ್ಟು ಹೊತ್ತಾಯಿತು ಅಂತ ನೋಡುವುದು. ಕಾಸು ಖರ್ಚಿಲ್ಲ, ಹತ್ತು ನಿಮಿಷ ಸಾಕು.

ಕೇಬಲ್ ಹಾಕಿರುವ ಒಂದು ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ಎರಡು ಸಲ ತೆರೆಯಿರಿ. ಒಂದರಲ್ಲಿ ನಿಮ್ಮ ರೂಟರಿಗೆ ಪಿಂಗ್ ಮಾಡಿ. ಸಾಮಾನ್ಯವಾಗಿ ಅದರ ವಿಳಾಸ 192.168.1.1 ಇರುತ್ತದೆ. ಇನ್ನೊಂದರಲ್ಲಿ ಹೊರಗಿನ ವಿಳಾಸಕ್ಕೆ ಮಾಡಿ. ಗೂಗಲ್‌ನ 8.8.8.8 ಆಗುತ್ತದೆ. ವಿಂಡೋಸಿನಲ್ಲಿ ಆದೇಶದ ಕೊನೆಗೆ ಒಂದು ಮೈನಸ್ ಗೆರೆ ಮತ್ತು ಟಿ ಅಕ್ಷರ ಸೇರಿಸಿದರೆ ನೀವು ನಿಲ್ಲಿಸುವ ತನಕ ಪಿಂಗ್ ಓಡುತ್ತಲೇ ಇರುತ್ತದೆ. ಎರಡೂ ಕಿಟಕಿಯನ್ನು ಅಕ್ಕಪಕ್ಕ ಇಡಿ.

ಬೆಳಿಗ್ಗೆ ಯಾರೂ ಬರುವ ಮುಂಚೆ ನೋಡಿದರೆ ರೂಟರಿನ ಸಾಲು 1 ಮಿಲಿಸೆಕೆಂಡ್ ಅಥವಾ ಅದಕ್ಕಿಂತ ಕಮ್ಮಿ ಇರುತ್ತದೆ. ಹೊರಗಿನದು 9, 8, 10, 9 ಅಂತ ಇರಬಹುದು. ಊರಿನ ಮೇಲೆ, ಕಂಪನಿಯ ಮೇಲೆ ಇದು 20, 30 ಕೂಡ ಆಗಬಹುದು, ತೊಂದರೆ ಇಲ್ಲ. ಈಗ ಪಿಂಗ್ ಓಡುತ್ತಿರುವಾಗಲೇ ಒಂದು ದೊಡ್ಡ ಫೈಲನ್ನು ಡ್ರೈವ್‌ಗೆ ಅಪ್‌ಲೋಡ್ ಹಾಕಿ, ಹೊರಗಿನ ಸಾಲನ್ನೇ ನೋಡುತ್ತಿರಿ. 9 ಇದ್ದದ್ದು 60 ಆಗುತ್ತದೆ. ಆಮೇಲೆ 180. ಆಮೇಲೆ 340, 410, 420. ಅಲ್ಲೇ ನಿಲ್ಲುತ್ತದೆ. ಪಕ್ಕದ ಕಿಟಕಿಯಲ್ಲಿ ರೂಟರಿನ ಸಾಲು ಮಾತ್ರ 1, 1, 1 ಅಂತ ಆರಾಮಾಗಿರುತ್ತದೆ. ಅಪ್‌ಲೋಡ್ ನಿಲ್ಲಿಸಿ. ಎರಡು ಸೆಕೆಂಡಿನಲ್ಲಿ ಮತ್ತೆ 9.

ಏನಾಯಿತು ಇಲ್ಲಿ? ನಿಮ್ಮ ಅಪ್‌ಲೋಡ್ ವೇಗ 20 ಎಂಬಿಪಿಎಸ್ ಅಂದುಕೊಳ್ಳಿ. ಹೊರಗೆ ಹೋಗುವ ಬಾಗಿಲಲ್ಲಿ ಪ್ಯಾಕೆಟ್ಟುಗಳನ್ನು (ಡೇಟಾದ ಸಣ್ಣ ತುಂಡುಗಳನ್ನು) ಕಾಯಿಸಲು 1 ಎಂಬಿಯಷ್ಟು ಬಫರ್ ಇದೆ ಅಂದುಕೊಳ್ಳಿ. 1 ಎಂಬಿ ಅಂದರೆ 80 ಲಕ್ಷ ಬಿಟ್. ಸೆಕೆಂಡಿಗೆ 2 ಕೋಟಿ ಬಿಟ್ ಹೋಗುವ ದಾರಿಯಲ್ಲಿ ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು, ಅಂದರೆ 400 ಮಿಲಿಸೆಕೆಂಡ್. ಬಫರ್ ತುಂಬಿದ್ದಾಗ ಹೊಸದಾಗಿ ಬಂದ ಪ್ರತಿ ಪ್ಯಾಕೆಟ್ಟೂ ಅಷ್ಟು ಹೊತ್ತು ಕಾಯಲೇಬೇಕು. ಡೇಟಾ ಕಳೆದುಹೋಗಿಲ್ಲ, ಕ್ಯೂನಲ್ಲಿ ಸಿಕ್ಕಿಕೊಂಡಿದೆ. 2010ರ ಸುಮಾರಿಗೆ ಜಿಮ್ ಗೆಟ್ಟಿಸ್ ಎಂಬ ಎಂಜಿನಿಯರ್ ತಮ್ಮ ಮನೆಯ ಕನೆಕ್ಷನ್ನಿನಲ್ಲೇ ಇದನ್ನು ಬೆನ್ನುಹತ್ತಿ ನೋಡಿದರು. ಬಫರ್‌ಬ್ಲೋಟ್ ಎಂಬ ಹೆಸರು ಆಗಿನಿಂದ ಬಳಕೆಗೆ ಬಂತು.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡ್ ಯಾಕೆ ಸಾಯುತ್ತದೆ ಅಂತ ಬಹಳ ಜನ ಕೇಳುತ್ತಾರೆ. ನೀವು ಏನೇ ಇಳಿಸಿಕೊಂಡರೂ "ಇಲ್ಲಿಯವರೆಗೆ ತಲುಪಿತು, ಮುಂದಿನದು ಕಳಿಸು" ಎಂಬ ಸಣ್ಣ ಸಣ್ಣ ಉತ್ತರಗಳು ನಿಮ್ಮ ಕಡೆಯಿಂದ ಹೋಗುತ್ತಿರಬೇಕು. ಅವೂ ಅದೇ ಅಪ್‌ಲೋಡ್ ಕ್ಯೂನಲ್ಲಿ ನಿಲ್ಲುತ್ತವೆ. ಉತ್ತರ ತಡವಾದರೆ ಆ ಕಡೆಯವರು ಕಳಿಸುವುದನ್ನೂ ತಡ ಮಾಡುತ್ತಾರೆ. ಹಾಗಾಗಿ ಸ್ಪೀಡ್ ಟೆಸ್ಟಿನಲ್ಲಿ ದೊಡ್ಡ ಡೌನ್‌ಲೋಡ್ ಸಂಖ್ಯೆ ಬಂತು ಅಂದ ಮಾತ್ರಕ್ಕೆ ನೆಟ್ ಚೆನ್ನಾಗಿದೆ ಅಂತಲ್ಲ.

ಈ ಎರಡು ಕಿಟಕಿಯಿಂದಲೇ ತೊಂದರೆ ಯಾವ ಕಡೆ ಇದೆ ಅಂತ ಹೇಳಬಹುದು. ರೂಟರಿನ ಸಾಲೇ ಏರಿಳಿಯುತ್ತಿದ್ದರೆ ಸಮಸ್ಯೆ ನಿಮ್ಮ ಗೋಡೆಯೊಳಗೆ: ಕೇಬಲ್, ಸ್ವಿಚ್ ಅಥವಾ ವೈಫೈ. ರೂಟರ್ ಸರಿ ಇದ್ದು, ಕೆಲಸದ ಹೊತ್ತಿನಲ್ಲಿ ಮಾತ್ರ ಹೊರಗಿನದು ಏರಿದರೆ ನಿಮ್ಮ ಲೈನ್ ತುಂಬುತ್ತಿದೆ. ಬೆಳಿಗ್ಗೆ ಆರು ಗಂಟೆಗೆ ಯಾರೂ ಇಲ್ಲದಾಗಲೂ ಹೊರಗಿನದು ಏರುತ್ತಿದ್ದರೆ, ಪ್ಯಾಕೆಟ್ ಕಳೆದುಹೋಗುತ್ತಿದ್ದರೆ, ಆಗ ಕಂಪನಿಗೆ ಫೋನ್ ಮಾಡಬಹುದು. ಅದಕ್ಕೆ ಕೊನೆಯಲ್ಲಿ ಬರೋಣ.

ಹೆಜ್ಜೆ 3: ಯಾರು ಎಳೆಯುತ್ತಿದ್ದಾರೆ?

ಲೈನ್ ತುಂಬುತ್ತಿದೆ ಅಂತಾಯಿತು. ತುಂಬಿಸುತ್ತಿರುವುದು ಯಾವುದು?

ಎಲ್ಲ ಟ್ರಾಫಿಕ್ಕೂ ರೂಟರ್ ಮೂಲಕವೇ ಹೋಗುವುದರಿಂದ ನೋಡಲು ಅದೇ ಸರಿಯಾದ ಜಾಗ. ಓಪನ್‌ಡಬ್ಲ್ಯುಆರ್‌ಟಿ (ರೂಟರಿಗೆ ಹಾಕುವ ಉಚಿತ ತಂತ್ರಾಂಶ) ಹಾಕಿದ ರೂಟರ್ ಇದ್ದರೆ ಐಎಫ್‌ಟಾಪ್ ಎಂಬ ಪುಟ್ಟ ಪ್ರೋಗ್ರಾಂ ಹಾಕಿಕೊಳ್ಳಿ. ಮೈಕ್ರೋಟಿಕ್ ರೂಟರ್ ಇದ್ದರೆ ಅದರಲ್ಲೇ ಟಾರ್ಚ್ ಎಂಬ ಸಾಧನ ಇದೆ. ಕಂಪನಿಯವರು ಕೊಟ್ಟ ಸಾದಾ ಡಬ್ಬಿಯಲ್ಲಿ ಇವು ಸಿಗುವುದು ಕಷ್ಟ. ನೆಟ್‌ವರ್ಕ್ ಬಗ್ಗೆ ನಿಜವಾಗಿಯೂ ಕಾಳಜಿ ಇದ್ದರೆ ರೂಟರ್ ನಿಮ್ಮದೇ ಇರಲಿ. ಪ್ಲಾನ್ ಏರಿಸಿ ತಿಂಗಳು ತಿಂಗಳು ಕಟ್ಟುವ ದುಡ್ಡಿಗಿಂತ ಇದಕ್ಕೆ ಒಂದು ಸಲ ಹಾಕುವ ದುಡ್ಡು ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಐಎಫ್‌ಟಾಪ್ ತೆರೆದರೆ ಎರಡೆರಡು ವಿಳಾಸಗಳ ಜೋಡಿ ಕಾಣುತ್ತದೆ. ಬಲಗಡೆ ಮೂರು ಸಂಖ್ಯೆ: ಕಳೆದ 2 ಸೆಕೆಂಡಿನ, 10 ಸೆಕೆಂಡಿನ, 40 ಸೆಕೆಂಡಿನ ಸರಾಸರಿ. ಮೊದಲನೆಯದು ಕುಣಿಯುತ್ತಲೇ ಇರುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಮೂರನೆಯದನ್ನು ನೋಡಿ. ಮೇಲಿನ ಸಾಲಿನಲ್ಲಿ 192.168.1.37 ಇದೆ, ಹೊರಗೆ ಹೋಗುತ್ತಿರುವುದು 17 ಎಂಬಿಪಿಎಸ್, ಮೂರನೇ ಸಂಖ್ಯೆಯೂ ಸುಮಾರು ಅಷ್ಟೇ. ಹಾಗಾದರೆ ಅದು ಕ್ಷಣದ ಏರಿಕೆ ಅಲ್ಲ, ನಿಂತು ಎಳೆಯುತ್ತಿದೆ. 20 ಎಂಬಿಪಿಎಸ್ ಅಪ್‌ಲೋಡಿನಲ್ಲಿ 17 ಒಬ್ಬರದೇ ಅಂದರೆ ಉಳಿದವರಿಗೆ ಏನುಳಿಯಿತು?

ನಕ್ಷೆ ನೋಡಿದರೆ ಅದು ಅಕೌಂಟ್ಸ್ ರೂಮಿನ ಕಂಪ್ಯೂಟರ್. ಅಲ್ಲಿ ಹೋಗಿ ಟಾಸ್ಕ್ ಮ್ಯಾನೇಜರ್‌ನಿಂದ ರಿಸೋರ್ಸ್ ಮಾನಿಟರ್ ತೆರೆದು, ನೆಟ್‌ವರ್ಕ್ ಎಂಬ ಭಾಗ ಒತ್ತಿ. ಯಾವ ಪ್ರೋಗ್ರಾಂ ಎಷ್ಟು ಕಳಿಸುತ್ತಿದೆ ಅಂತ ಹೆಸರು ಸಮೇತ ಬರುತ್ತದೆ. ಬಹಳ ಸಲ ಸಿಗುವುದು ಕ್ಲೌಡ್ ಬ್ಯಾಕಪ್. ಸ್ಕ್ಯಾನ್ ಮಾಡಿದ ನೂರಾರು ಪಿಡಿಎಫ್‌ಗಳನ್ನು ಅದು ಪಾಪ ತನ್ನ ಪಾಡಿಗೆ ಏರಿಸುತ್ತಾ ಕೂತಿರುತ್ತದೆ. ಅಲ್ಲಿ ಕೂತವರಿಗೆ ಇದು ಗೊತ್ತೂ ಇರುವುದಿಲ್ಲ. ಆದ್ದರಿಂದ ಯಾರ ಮೇಲೂ ಕೂಗಾಡಬೇಡಿ.

ಸಣ್ಣ ಆಫೀಸುಗಳಲ್ಲಿ ಮತ್ತೆ ಮತ್ತೆ ಸಿಗುವವು ಇನ್ನೂ ಕೆಲವು ಇವೆ. ವಿಂಡೋಸ್ ಅಪ್‌ಡೇಟ್, ಅದರಲ್ಲೂ ಲ್ಯಾಬಿನ ಮೂವತ್ತು ಕಂಪ್ಯೂಟರ್ ರಜೆ ಮುಗಿಸಿ ಒಂದೇ ದಿನ ಆನ್ ಆದಾಗ. ಸಿಬ್ಬಂದಿ ಬಂದು ವೈಫೈ ಸಿಕ್ಕ ಕೂಡಲೇ ಫೋನುಗಳು ಶುರು ಮಾಡುವ ಫೋಟೋ ಬ್ಯಾಕಪ್. ಮತ್ತು ಸಿಸಿಟಿವಿ. ಒಂದು ಐಪಿ ಕ್ಯಾಮೆರಾ 4 ಎಂಬಿಪಿಎಸ್ ಕಳಿಸುತ್ತಿದೆ ಅಂದುಕೊಂಡರೆ 16 ಕ್ಯಾಮೆರಾಕ್ಕೆ 64 ಆಯಿತು. 100 ಎಂಬಿಪಿಎಸ್ ಸ್ವಿಚ್ಚಿನಿಂದ ಹೊರಡುವ ಒಂದೇ ಕೇಬಲ್ಲಿನ ಮೂಲಕ ಇದು ಡಿವಿಆರ್‌ಗೆ ಹೋಗುತ್ತಿದ್ದರೆ ಅದೇ ಸ್ವಿಚ್ಚಿನ ಮೇಲಿರುವ ಕಂಪ್ಯೂಟರುಗಳಿಗೆ ಉಳಿಯುವುದು ಸ್ವಲ್ಪವೇ. ಇಲ್ಲಿ ಇಂಟರ್‌ನೆಟ್ ಪ್ಲಾನಿಗೂ ನಿಧಾನಕ್ಕೂ ಸಂಬಂಧವೇ ಇಲ್ಲ!

ಹೆಜ್ಜೆ 4: ದಾಖಲೆ ಇಡಿ

ನೀವು ನೋಡುವ ಹೊತ್ತಿಗೆ ಸಮಸ್ಯೆ ಮಾಯವಾಗಿರುತ್ತದೆ. ಆದ್ದರಿಂದ ಯಂತ್ರವೇ ಬರೆದಿಡಬೇಕು.

ಒಂದೇ ಲೈನಿನ ದಿನದ, ತಿಂಗಳ ಲೆಕ್ಕ ಸಾಕು ಅಂದರೆ ವಿಎನ್‌ಸ್ಟಾಟ್ ಹಾಕಿ, ಕೆಲಸ ಮುಗಿಯಿತು. ಸ್ವಿಚ್ಚಿನ ಪ್ರತಿ ಪೋರ್ಟಿನ ಗ್ರಾಫ್ ಬೇಕು ಅಂದರೆ ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಅದರಲ್ಲಿ ಲಿಬ್ರೆಎನ್‌ಎಂಎಸ್ ಕೂರಿಸಿ. ಉಚಿತ. ಅದು ಎಸ್‌ಎನ್‌ಎಂಪಿ ಎಂಬ ಪದ್ಧತಿಯಲ್ಲಿ ರೂಟರ್, ಸ್ವಿಚ್ಚುಗಳನ್ನು ಐದು ನಿಮಿಷಕ್ಕೊಮ್ಮೆ ಕೇಳಿ ಬರೆದಿಡುತ್ತದೆ. ಈ ಐದು ನಿಮಿಷದ ಗ್ರಾಫಿನ ರೂಢಿ ಹಳೆಯದು. ಟೋಬಿಯಾಸ್ ಊಟಿಕರ್ 1995ರಲ್ಲಿ ಬರೆದ ಎಂಆರ್‌ಟಿಜಿ ಕಾಲದಿಂದ ನಡೆದುಬಂದಿದೆ.

ಗ್ರಾಫ್ ಓದುವಾಗ ಎರಡು ಕಡೆ ಮೋಸ ಹೋಗುವ ಸಾಧ್ಯತೆ ಇದೆ. ಒಂದು, ಸರಾಸರಿ. 30 ಸೆಕೆಂಡು ಲೈನ್ ಪೂರ್ತಿ 100ಕ್ಕೆ ತುಂಬಿ, ಉಳಿದ ನಾಲ್ಕೂವರೆ ನಿಮಿಷ ಖಾಲಿ ಇದ್ದರೆ ಗ್ರಾಫಿನಲ್ಲಿ ಕಾಣುವುದು ಬರೀ 10 ಎಂಬಿಪಿಎಸ್. "ಲೈನ್ ಖಾಲಿ ಇದೆಯಲ್ಲ" ಅನ್ನಿಸುತ್ತದೆ. ಆ 30 ಸೆಕೆಂಡಿನಲ್ಲಿ ಕಾಲ್ ಕಟ್ ಆದವರಿಗೆ ಗೊತ್ತು ಏನಾಯಿತು ಅಂತ. ಹಾಗಾಗಿ ಟ್ರಾಫಿಕ್ ಗ್ರಾಫಿನ ಜೊತೆ ಪಿಂಗ್ ಸಮಯದ ಗ್ರಾಫೂ ಇರಬೇಕು. ಅದಕ್ಕೆ ಸ್ಮೋಕ್‌ಪಿಂಗ್ ಇದೆ, ಇದೂ ಊಟಿಕರ್ ಅವರದೇ ಕೆಲಸ.

ಎರಡನೆಯದು ಕೌಂಟರ್. ಎಸ್‌ಎನ್‌ಎಂಪಿಯ ಹಳೇ ಕೌಂಟರುಗಳು 32 ಬಿಟ್ಟಿನವು. 429 ಕೋಟಿ ಬೈಟ್ ಚಿಲ್ಲರೆ ಆದ ಕೂಡಲೇ ಮತ್ತೆ ಸೊನ್ನೆಯಿಂದ ಶುರು. 100 ಎಂಬಿಪಿಎಸ್ ಪೂರ್ತಿ ಓಡಿದರೆ ಸುಮಾರು 5.7 ನಿಮಿಷಕ್ಕೇ ಸುತ್ತು ಮುಗಿಯುತ್ತದೆ. ಗಿಗಾಬಿಟ್ಟಿನಲ್ಲಿ 34 ಸೆಕೆಂಡಿಗೆ. ಐದು ನಿಮಿಷಕ್ಕೊಮ್ಮೆ ಕೇಳುವವನಿಗೆ ನಡುವೆ ಎಷ್ಟು ಸುತ್ತು ಬಂತು ಅಂತ ತಿಳಿಯುವುದೇ ಇಲ್ಲ, ಗ್ರಾಫ್ ಸುಳ್ಳು ಹೇಳುತ್ತದೆ. ಸೆಟ್ಟಿಂಗಿನಲ್ಲಿ 64 ಬಿಟ್ಟಿನ ಕೌಂಟರ್ ಆರಿಸಿಕೊಳ್ಳಿ.

ಎಸ್‌ಎನ್‌ಎಂಪಿ ಹಾಕುವಾಗ ಆವೃತ್ತಿ 3 ಬಳಸಿ, ಗಟ್ಟಿ ಪಾಸ್‌ವರ್ಡ್ ಇಡಿ. ಹಳೇ ಆವೃತ್ತಿಗಳಲ್ಲಿ "ಪಬ್ಲಿಕ್" ಎಂಬ ಪದವೇ ಬೀಗದ ಕೈ ಆಗಿರುವುದು ಇಂದಿಗೂ ಕಾಣುತ್ತದೆ. ಯುಡಿಪಿ 161ನೇ ಪೋರ್ಟನ್ನು ಹೊರಗಿನ ಇಂಟರ್‌ನೆಟ್ಟಿಗೆ ಯಾವ ಕಾರಣಕ್ಕೂ ತೆರೆದಿಡಬೇಡಿ. ಎಲ್ಲ ಉಪಕರಣಗಳ ಗಡಿಯಾರ ಎನ್‌ಟಿಪಿ ಮೂಲಕ ಒಂದೇ ಸಮಯ ತೋರಿಸಲಿ, ಇಲ್ಲದಿದ್ದರೆ ಎರಡು ದಾಖಲೆ ಹೋಲಿಸಲು ಆಗುವುದಿಲ್ಲ.

ಕನಿಷ್ಠ ಎರಡು ವಾರ ಸುಮ್ನೆ ಬಿಡಿ. ಅದರಲ್ಲಿ ತಿಂಗಳ ಕೊನೆಯೋ, ರಿಟರ್ನ್ ಸಲ್ಲಿಸುವ ಗಡುವೋ, ಆನ್‌ಲೈನ್ ಪರೀಕ್ಷೆಯೋ, ನಿಮ್ಮಲ್ಲಿ ಕೆಲಸ ಜಾಸ್ತಿ ಇರುವ ದಿನ ಸೇರಿರಲಿ.

ಹೆಜ್ಜೆ 5: ವೈರ್‌ಶಾರ್ಕ್, ಬೇಕಾದಾಗ ಮಾತ್ರ

ನೆಟ್‌ವರ್ಕ್ ಅಂದ ಕೂಡಲೇ ಹಲವರು ವೈರ್‌ಶಾರ್ಕ್ ತೆರೆದು ಕೂರುತ್ತಾರೆ. ಜೆರಾಲ್ಡ್ ಕೂಂಬ್ಸ್ 1998ರಲ್ಲಿ ಈಥೀರಿಯಲ್ ಎಂಬ ಹೆಸರಲ್ಲಿ ಹೊರತಂದು, 2006ರಲ್ಲಿ ಹೆಸರು ಬದಲಾದ, ಪ್ಯಾಕೆಟ್ಟುಗಳನ್ನು ಹಿಡಿದು ಒಂದೊಂದನ್ನೂ ತೋರಿಸುವ ಅದ್ಭುತ ಸಾಧನ ಅದು. ಆದರೆ ಪ್ರಶ್ನೆ ಇಲ್ಲದೆ ತೆರೆದರೆ ಸಾವಿರಾರು ಸಾಲು ಓಡುವುದು ಕಂಡು ತಲೆ ತಿರುಗುತ್ತದೆ ಅಷ್ಟೇ. ನಿರ್ದಿಷ್ಟ ಅನುಮಾನ ಇದ್ದಾಗ ಮಾತ್ರ ಬಳಸಿ.

ಸ್ವಿಚ್ ಪ್ರತಿ ಕಂಪ್ಯೂಟರಿಗೂ ಅದರದ್ದನ್ನು ಮಾತ್ರ ಕಳಿಸುತ್ತದೆ. ಬೇರೆಯವರ ಟ್ರಾಫಿಕ್ ಕಾಣಬೇಕಾದರೆ ಮ್ಯಾನೇಜ್ಡ್ (ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ಚಿನಲ್ಲಿ ಪೋರ್ಟ್ ಮಿರರಿಂಗ್, ಅಂದರೆ ಒಂದು ಪೋರ್ಟಿನ ಟ್ರಾಫಿಕ್ಕಿನ ನಕಲು ಇನ್ನೊಂದಕ್ಕೂ ಹೋಗುವಂತೆ, ಮಾಡಬೇಕು. ಒಂದು ನಿಮಿಷ ಹಿಡಿದು, ಸ್ಟಾಟಿಸ್ಟಿಕ್ಸ್ ಮೆನುವಿನಲ್ಲಿ ಕಾನ್ವರ್ಸೇಷನ್ಸ್ ತೆರೆದು, ಬೈಟ್‌ಗಳ ಪ್ರಕಾರ ಜೋಡಿಸಿ. ದೊಡ್ಡದು ಮೇಲೆ ಬರುತ್ತದೆ.

ಇದರಲ್ಲಿ ಸುಲಭವಾಗಿ ಸಿಕ್ಕಿಬೀಳುವ ರೋಗ ಎರಡು. ಒಂದೇ ಕೇಬಲ್ಲಿನ ಎರಡೂ ತುದಿ ಸ್ವಿಚ್ಚಿಗೇ ಚುಚ್ಚಿದ್ದರೆ ಬ್ರಾಡ್‌ಕಾಸ್ಟ್ (ಎಲ್ಲ ಯಂತ್ರಗಳಿಗೂ ಹೋಗುವ) ಪ್ಯಾಕೆಟ್ಟುಗಳು ಸುತ್ತಿ ಸುತ್ತಿ ಇಡೀ ಆಫೀಸೇ ನಿಂತುಹೋಗುತ್ತದೆ. ಪರದೆ ತುಂಬಾ ಎಆರ್‌ಪಿ (ಯಾವ ವಿಳಾಸ ಯಾವ ಯಂತ್ರದ್ದು ಅಂತ ಕೇಳುವ ಸಂದೇಶ) ಸಾಲುಗಳೇ ಕಾಣುತ್ತವೆ, ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೇ ಮಿಣುಕುತ್ತವೆ. ಇನ್ನೊಂದು, ಮನೆಯಿಂದ ತಂದ ಆ ರೂಟರ್. ಡಿಎಚ್‌ಸಿಪಿ ವಿಳಾಸ ಕೊಡಲು ಎರಡು ಬೇರೆ ಬೇರೆ ಯಂತ್ರ ಮುಂದೆ ಬರುತ್ತಿದ್ದರೆ ಅದು ಅದೇ. ಕೆಲವರಿಗೆ ನೆಟ್ ಬರುತ್ತದೆ, ಕೆಲವರಿಗೆ ಬರುವುದಿಲ್ಲ ಎಂಬ ದೂರಿಗೆ ಇದು ಸಾಮಾನ್ಯ ಕಾರಣ.

ಕೆಲಸ ಮುಗಿದ ಮೇಲೆ ಹಿಡಿದ ಫೈಲ್ ಅಳಿಸಿಬಿಡಿ. ಅದರಲ್ಲಿ ಜನರ ಖಾಸಗಿ ವಿಷಯ ಇರಬಹುದು.

ಹೆಜ್ಜೆ 6: ಈಗ ಕ್ಯೂ ಸರಿ ಮಾಡಿ

ಮೊದಲು ದುಡ್ಡಿಲ್ಲದ ಮದ್ದು. ಬ್ಯಾಕಪ್ಪನ್ನು ರಾತ್ರಿಗೆ ಹಾಕಿ. ಕ್ಲೌಡ್ ಸಿಂಕ್ ಪ್ರೋಗ್ರಾಮುಗಳಲ್ಲಿ ಅಪ್‌ಲೋಡ್ ಮಿತಿ ಹಾಕುವ ಜಾಗ ಇದೆ. ವಿಂಡೋಸಿನ ಡೆಲಿವರಿ ಆಪ್ಟಿಮೈಸೇಷನ್ನಿನಲ್ಲಿ ಒಂದೇ ನೆಟ್‌ವರ್ಕಿನ ಕಂಪ್ಯೂಟರುಗಳು ಅಪ್‌ಡೇಟ್ ಹಂಚಿಕೊಳ್ಳುವಂತೆ ಮಾಡಿದರೆ ಮೂವತ್ತು ಸಲ ಹೊರಗಿಂದ ಇಳಿಸುವುದು ತಪ್ಪುತ್ತದೆ.

ಆಮೇಲೆ ನಿಜವಾದ ಚಿಕಿತ್ಸೆ. ರೇಷನ್ ಅಂಗಡಿಯ ಕ್ಯೂನಲ್ಲಿ ಒಬ್ಬರು ಇಡೀ ಓಣಿಯ ಕಾರ್ಡುಗಳನ್ನು ಹಿಡಿದು ಮುಂದೆ ನಿಂತರೆ ಹಿಂದೆ ಬರೀ ಸಕ್ಕರೆಗೆ ಬಂದವರೂ ಮಧ್ಯಾಹ್ನದ ತನಕ ಕಾಯಬೇಕು. ಅದರ ಬದಲು ಒಂದು ಸಲಕ್ಕೆ ಒಬ್ಬರಿಗೆ ಒಂದೇ ಕಾರ್ಡ್ ಅಂದರೆ? ಎಫ್‌ಕ್ಯು-ಕೋಡೆಲ್ ಮತ್ತು ಕೇಕ್ ಎಂಬ ಕ್ಯೂ ಪದ್ಧತಿಗಳು ಮಾಡುವುದು ಅದನ್ನೇ. ಪ್ರತಿ ಸಂಪರ್ಕಕ್ಕೂ ಸರದಿ ಕೊಡುತ್ತವೆ. ಜೊತೆಗೆ ಕ್ಯೂ ತುಂಬಾ ಹೊತ್ತು ಉದ್ದವಾಗೇ ಇದ್ದರೆ ಒಂದೆರಡು ಪ್ಯಾಕೆಟ್ ಬೀಳಿಸಿ ಕಳಿಸುವವನಿಗೆ "ನಿಧಾನಿಸು" ಅಂತ ಸೂಚನೆ ಕೊಡುತ್ತವೆ.

ಇವೆರಡಕ್ಕೂ ಮೂಲವಾದ ಕೋಡೆಲ್ ಅನ್ನು 2012ರಲ್ಲಿ ಪ್ರಕಟಿಸಿದವರು ಕ್ಯಾಥ್ಲೀನ್ ನಿಕಲ್ಸ್ ಮತ್ತು ವ್ಯಾನ್ ಜೇಕಬ್‌ಸನ್. ಜೇಕಬ್‌ಸನ್ ಈ ವಿಷಯಕ್ಕೆ ಹೊಸಬರಲ್ಲ. 1986ರ ಅಕ್ಟೋಬರಿನಲ್ಲಿ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಸೆಕೆಂಡಿಗೆ 32 ಸಾವಿರ ಬಿಟ್ ಹೋಗುತ್ತಿದ್ದ ದಾರಿ 40 ಬಿಟ್ಟಿಗೆ ಕುಸಿಯಿತು. ಅದರ ಕಾರಣ ಹುಡುಕಿ ಅವರು ಟಿಸಿಪಿಗೆ (ಇಂಟರ್‌ನೆಟ್ಟಿನಲ್ಲಿ ಡೇಟಾ ತಲುಪಿಸುವ ಮೂಲ ನಿಯಮಾವಳಿಗೆ) ಮಾಡಿದ ತಿದ್ದುಪಡಿಗಳ ಮೇಲೆ ಇಂದಿನ ಇಂಟರ್‌ನೆಟ್ ನಿಂತಿದೆ. ಎಫ್‌ಕ್ಯು-ಕೋಡೆಲ್ 2018ರಲ್ಲಿ ಆರ್‌ಎಫ್‌ಸಿ 8290 ಎಂಬ ಇಂಟರ್‌ನೆಟ್ ತಾಂತ್ರಿಕ ದಾಖಲೆಯಾಗಿ ಬಂತು. ಅದೇ ವರ್ಷ ಲಿನಕ್ಸ್ 4.19ಕ್ಕೆ ಕೇಕ್ ಸೇರಿತು. ಇಷ್ಟು ಒಳ್ಳೆಯ ಪರಿಹಾರ ಪುಕ್ಕಟೆ ಸಿಗುತ್ತಿರುವಾಗ ನಮ್ಮ ಆಫೀಸುಗಳು ಇನ್ನೂ ಒದ್ದಾಡುತ್ತಿರುವುದು ನೋಡಿದರೆ ಬೇಸರವಾಗುತ್ತದೆ.

ಹಾಕುವುದು ಹೀಗೆ. ಓಪನ್‌ಡಬ್ಲ್ಯುಆರ್‌ಟಿಯಲ್ಲಿ ಎಸ್‌ಕ್ಯುಎಂ ಎಂಬ ಕ್ಯೂ ನಿಭಾಯಿಸುವ ಪ್ಯಾಕೇಜ್ ಸೇರಿಸಿ. ಮೈಕ್ರೋಟಿಕ್‌ನ ರೂಟರ್‌ಓಎಸ್ 7ರಲ್ಲಿ ಕ್ಯೂ ಬಗೆಗಳಲ್ಲೇ ಕೇಕ್ ಇದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಸ್ಪೀಡ್ ಟೆಸ್ಟ್ ಮಾಡಿ, ಅಪ್‌ಲೋಡ್ ಮತ್ತು ಡೌನ್‌ಲೋಡ್ ಎರಡರದ್ದೂ ಖಾತ್ರಿಯಾಗಿ ಸಿಗುವ ವೇಗ ಬರೆದುಕೊಳ್ಳಿ. ಅದರ ನೂರಕ್ಕೆ 90ರಷ್ಟನ್ನು ಮಿತಿಯಾಗಿ ಕೊಡಿ. 20 ಸಿಗುತ್ತಿದ್ದರೆ 18. 100 ಸಿಗುತ್ತಿದ್ದರೆ 90. ಹೊರಗಿನ ಕನೆಕ್ಷನ್ ಬರುವ ಪೋರ್ಟನ್ನು ಆರಿಸಿ, ಪದ್ಧತಿ ಕೇಕ್ ಅಂತ ಕೊಟ್ಟು ಉಳಿಸಿ.

ಇರುವುದರಲ್ಲೇ ಹತ್ತು ಭಾಗ ಯಾಕೆ ಬಿಡಬೇಕು? ಕ್ಯೂ ನಿಮ್ಮ ರೂಟರಿನಲ್ಲಿ ಕಟ್ಟಬೇಕು, ಕಂಪನಿಯವರ ಡಬ್ಬಿಯಲ್ಲಲ್ಲ. ಕಿರಿದಾದ ಜಾಗ ಎಲ್ಲಿದೆಯೋ ಅಲ್ಲೇ ಕ್ಯೂ ಬೆಳೆಯುತ್ತದೆ. ನೀವು ಸ್ವಲ್ಪ ಕಿರಿದು ಮಾಡಿಕೊಂಡರೆ ಮಾತ್ರ ಕ್ಯೂ ನಿಮ್ಮ ಕೈಗೆ ಬರುತ್ತದೆ. ಆಮೇಲೆ ಎರಡನೇ ಹೆಜ್ಜೆಯ ಪಿಂಗ್ ಪರೀಕ್ಷೆಯನ್ನೇ ಮತ್ತೆ ಮಾಡಿ. 420ಕ್ಕೆ ಹಾರುತ್ತಿದ್ದದ್ದು ಈಗ 15, 20ರ ಆಸುಪಾಸಿನಲ್ಲೇ ನಿಲ್ಲಬೇಕು. ನಿಲ್ಲದಿದ್ದರೆ ಮಿತಿಯನ್ನು ಇನ್ನೊಂದು ಸ್ವಲ್ಪ ಇಳಿಸಿ. ಸರಿ ಇದ್ದರೆ ನಿಧಾನವಾಗಿ ಏರಿಸಿ ನೋಡಿ.

ಎರಡು ಎಚ್ಚರಿಕೆ. ಈ ಕೆಲಸ ರೂಟರಿನ ಪ್ರೊಸೆಸರ್ ಮೇಲೆ ಬೀಳುತ್ತದೆ. ಅಗ್ಗದ ಹಳೇ ರೂಟರ್ 300 ಎಂಬಿಪಿಎಸ್ ಲೈನಿಗೆ ಸಾಲದೇ ಹೋಗಬಹುದು. ಹಾಗೇ, ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಆಯ್ಕೆ ಆನ್ ಇದ್ದರೆ ಪ್ಯಾಕೆಟ್ಟುಗಳು ಕ್ಯೂ ತಪ್ಪಿಸಿಕೊಂಡು ಹೋಗುತ್ತವೆ. ಅದನ್ನು ಆಫ್ ಮಾಡಿ.

ಕೇಕ್‌ನಲ್ಲಿ ಪ್ರತಿ ಸಂಪರ್ಕಕ್ಕೆ ಬದಲು ಪ್ರತಿ ಕಂಪ್ಯೂಟರಿಗೆ ಸಮಪಾಲು ಕೊಡುವ ಆಯ್ಕೆಯೂ ಇದೆ. ಲ್ಯಾಬುಗಳಲ್ಲಿ ಅದನ್ನೇ ಹಾಕಿ. ಒಬ್ಬ ಐವತ್ತು ಸಂಪರ್ಕ ತೆರೆದು ಡೌನ್‌ಲೋಡ್ ಹಾಕಿದರೂ ಅವನಿಗೆ ಒಬ್ಬರ ಪಾಲೇ ಸಿಗುತ್ತದೆ.

ಹೆಜ್ಜೆ 7: ಆದ್ಯತೆ, ಮಿತಿ

ಇಷ್ಟಾದ ಮೇಲೆ ಬಹಳ ಆಫೀಸುಗಳಿಗೆ ಇನ್ನೇನೂ ಬೇಕಾಗುವುದಿಲ್ಲ. ಐಪಿ ಫೋನುಗಳಿದ್ದರೆ ಅವಕ್ಕೆ ಆದ್ಯತೆ ಕೊಡಬಹುದು. ಒಂದು ಫೋನ್ ಕಾಲ್‌ಗೆ ಬೇಕಾದದ್ದು ಒಂದು ದಿಕ್ಕಿಗೆ 100 ಕೆಬಿಪಿಎಸ್‌ಗಿಂತ ಕಮ್ಮಿ. ವೇಗಕ್ಕಿಂತ ಹೊತ್ತಿಗೆ ಸರಿಯಾಗಿ ತಲುಪುವುದು ಅದಕ್ಕೆ ಮುಖ್ಯ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ 150 ಮಿಲಿಸೆಕೆಂಡಿನೊಳಗೆ ಹೋಗಬೇಕು ಅಂತ ಅಂತರರಾಷ್ಟ್ರೀಯ ದೂರಸಂಪರ್ಕ ಸಂಸ್ಥೆ ಐಟಿಯುವಿನ ಶಿಫಾರಸು ಇದೆ. ಫೋನಿನಲ್ಲಿ ಡಿಎಸ್‌ಸಿಪಿ 46 ಎಂಬ ಗುರುತು ಹಾಕಿ, ಕೇಕ್‌ನಲ್ಲಿ ಆ ಗುರುತನ್ನು ಗೌರವಿಸುವ ಆಯ್ಕೆ ಆರಿಸಿ. ಮ್ಯಾನೇಜರ್ ಕಂಪ್ಯೂಟರಿಗೆ, ಅವರ ಫೋನಿಗೆ, ಅವರ ಟಿವಿಗೆ ಅಂತ ಆದ್ಯತೆ ಹಂಚುತ್ತಾ ಹೋದರೆ ಆದ್ಯತೆಗೆ ಅರ್ಥವೇ ಉಳಿಯುವುದಿಲ್ಲ.

ತಲೆಗೆ ಇಂತಿಷ್ಟು ಅಂತ ಮಿತಿ ಹಾಕುವುದು ನನಗೆ ಇಷ್ಟವಿಲ್ಲ. 100 ಎಂಬಿಪಿಎಸ್ ಅನ್ನು 25 ಜನರಿಗೆ 4ರಂತೆ ಕತ್ತರಿಸಿದರೆ, ಸಂಜೆ ಒಬ್ಬರೇ ಕೂತು ಕೆಲಸ ಮಾಡುವಾಗಲೂ ಅವರಿಗೆ 4 ಮಾತ್ರ. ಉಳಿದ 96 ಯಾರಿಗೂ ಇಲ್ಲದೆ ವ್ಯರ್ಥ. ಮಿತಿ ಬೇಕಾಗುವುದು ಗೆಸ್ಟ್ ವೈಫೈಗೆ. ಅದಕ್ಕೆ ಒಟ್ಟು 10 ಅಥವಾ 15 ಎಂಬಿಪಿಎಸ್ ಇಟ್ಟುಬಿಡಿ.

ಕ್ಯಾಮೆರಾಗಳನ್ನು ಬೇರೆ ವಿಲ್ಯಾನ್‌ಗೆ (ಅದೇ ಉಪಕರಣಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕಿಗೆ) ಹಾಕಿ, ಸಾಧ್ಯವಾದರೆ ಬೇರೆ ಸ್ವಿಚ್ಚಿಗೇ. ಟ್ರಾಫಿಕ್ ಒಂದು ಕಾರಣ, ಭದ್ರತೆ ಇನ್ನೊಂದು. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್ ಜಗತ್ತಿನಾದ್ಯಂತ ಹಿಡಿದದ್ದು ಫ್ಯಾಕ್ಟರಿ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಕ್ಯಾಮೆರಾ, ಡಿವಿಆರ್, ರೂಟರುಗಳನ್ನು.

ವೈಫೈ ಬಗ್ಗೆ ಇಷ್ಟೇ: 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಬಿಟ್ಟು ಬೇರೆ ಚಾನೆಲ್ ಇಡಬೇಡಿ, ಒಂದರ ಮೇಲೊಂದು ಬೀಳುತ್ತವೆ. ಲ್ಯಾಪ್‌ಟಾಪುಗಳನ್ನು 5 ಗಿಗಾಹರ್ಟ್ಸ್‌ಗೆ ಕಳಿಸಿ. ಮೇಜಿನಿಂದ ಅಲ್ಲಾಡದ ಕಂಪ್ಯೂಟರ್, ಪ್ರಿಂಟರುಗಳಿಗೆ ಕೇಬಲ್ ಎಳೆಸಿ. ದೂರದಲ್ಲಿ ಕೂತು ನಿಧಾನವಾಗಿ ಮಾತಾಡುವ ಒಂದೇ ಒಂದು ಸಾಧನ ಎಲ್ಲರ ಸಮಯವನ್ನೂ ತಿನ್ನುತ್ತದೆ.

ಹೆಜ್ಜೆ 8: ಕಂಪನಿಗೆ ದೂರು ಕೊಡುವಾಗ

ಎಲ್ಲ ಮಾಡಿದ ಮೇಲೂ ಬೆಳಿಗ್ಗೆ ಆರಕ್ಕೆ ಖಾಲಿ ಲೈನಿನಲ್ಲೇ ಪಿಂಗ್ ಹಾರುತ್ತಿದ್ದರೆ, ಪ್ಯಾಕೆಟ್ ಬೀಳುತ್ತಿದ್ದರೆ, ತೊಂದರೆ ನಿಮ್ಮ ಬಾಗಿಲಿನ ಆಚೆ ಇದೆ. "ನೆಟ್ ಸ್ಲೋ" ಅಂತ ಫೋನ್ ಮಾಡಿದರೆ "ರೂಟರ್ ಆಫ್ ಮಾಡಿ ಆನ್ ಮಾಡಿ" ಎನ್ನುತ್ತಾರೆ. ಅದರ ಬದಲು ಹೀಗೆ ಬರೆಯಿರಿ: ಕೇಬಲ್ ಹಾಕಿದ ಕಂಪ್ಯೂಟರಿನಿಂದ, ಬೇರೆ ಯಾವ ಸಾಧನವೂ ಇಲ್ಲದಾಗ, ಇಂಥ ದಿನ ಇಂಥ ಗಂಟೆಯಿಂದ ಇಂಥ ಗಂಟೆಯವರೆಗೆ, ನಮ್ಮ ರೂಟರಿಗೆ 1 ಮಿಲಿಸೆಕೆಂಡ್, ನಿಮ್ಮ ಮೊದಲ ಗೇಟ್‌ವೇಗೆ ಇಷ್ಟು, ನೂರಕ್ಕೆ ಇಷ್ಟು ಪ್ಯಾಕೆಟ್ ನಷ್ಟ. ಆ ಗೇಟ್‌ವೇ ವಿಳಾಸವನ್ನು ವಿನ್‌ಎಂಟಿಆರ್ (ದಾರಿಯ ಪ್ರತಿ ಹಂತಕ್ಕೂ ಪಿಂಗ್ ಮಾಡುವ ಪ್ರೋಗ್ರಾಂ) ತೋರಿಸುತ್ತದೆ. ಸ್ಮೋಕ್‌ಪಿಂಗ್ ಗ್ರಾಫಿನ ಚಿತ್ರ ಜೊತೆಗಿಡಿ.

ವಿನ್‌ಎಂಟಿಆರ್ ಓದುವಾಗ ಒಂದು ಗಮನ. ನಡುವಿನ ಒಂದು ಹಂತದಲ್ಲಿ ಮಾತ್ರ ನಷ್ಟ ಕಂಡು, ಅದರ ಮುಂದಿನ ಹಂತಗಳೆಲ್ಲ ಸರಿ ಇದ್ದರೆ ಅದು ದೋಷ ಅಲ್ಲ. ಆ ರೂಟರ್ ಪಿಂಗ್‌ಗೆ ಉತ್ತರ ಕೊಡುವುದನ್ನು ಕಮ್ಮಿ ಮಾಡಿದೆ ಅಷ್ಟೇ. ಒಂದು ಹಂತದಿಂದ ಶುರುವಾಗಿ ಕೊನೆಯ ತನಕ ನಷ್ಟ ಮುಂದುವರಿದರೆ ಅದು ನಿಜವಾದ ತೊಂದರೆ. ಕಂಪನಿಯ ಎಂಜಿನಿಯರಿಗೆ ಈ ವ್ಯತ್ಯಾಸ ತಿಳಿದಿರುತ್ತದೆ, ನಿಮಗೂ ತಿಳಿದಿದ್ದರೆ ಮಾತು ಬೇಗ ಮುಂದೆ ಹೋಗುತ್ತದೆ.

ದೂರು ಕೊಟ್ಟಾಗ ಡಾಕೆಟ್ ನಂಬರ್ (ದೂರಿನ ಸಂಖ್ಯೆ) ತಪ್ಪದೆ ಕೇಳಿ ಪಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ನಿಯಮದ ಪ್ರಕಾರ ದೂರಿಗೆ ಎರಡು ಹಂತ ಇದೆ. ಮೊದಲು ಕಂಪನಿಯ ದೂರು ಕೇಂದ್ರ, ಅಲ್ಲಿ ಬಗೆಹರಿಯದಿದ್ದರೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರ. ಮೇಲ್ಮನವಿಗೆ ಆ ಡಾಕೆಟ್ ನಂಬರ್ ಬೇಕೇ ಬೇಕು. ಅದರ ಜೊತೆ ನಿಮ್ಮ ಎರಡು ವಾರದ ದಾಖಲೆಯನ್ನೂ ಲಗತ್ತಿಸಿ ಕಳಿಸಿ.